ಹದಿಮೂರು ಕಾಳಿನ ಹೆಸರು

ನಮ್ಮೂರಲ್ಲಿ ಕಾಯಿಲೆ ಟಪಾಲಿನಲ್ಲಿ ಬರುತ್ತದೆ. ಮಾಗಿಯ ಚಳಿ ಸಡಿಲವಾಗುವ ಹೊತ್ತಿಗೆ ಟಪಾಲಿನ ಹೊನ್ನಪ್ಪ ಹಸಿರು ಲಕೋಟೆಗಳ ಕಟ್ಟು ಹಿಡಿದು ನಮ್ಮ ಬೀದಿಗೆ ತಿರುಗುತ್ತಾನೆ. ಆಗ ಬಾಗಿಲಲ್ಲಿ ಕೂತವರು ಎದ್ದು ಒಳಗೆ ಹೋಗುತ್ತಾರೆ, ಒಳಗಿದ್ದವರು ಹೊರಗೆ ಬರುತ್ತಾರೆ. ಪ್ರತಿ ಮನೆಗೂ ಪ್ರತಿ ವರ್ಷ ಬರುವುದಿಲ್ಲ. ಬಂದ ಮನೆಯ ಲಕೋಟೆಯಲ್ಲಿ ಒಂದೋ ಎರಡೋ ಚೀಟಿ ಇರುತ್ತವೆ. ಚೀಟಿಯ ಮೇಲೆ ಕಾಯಿಲೆಯ ಹೆಸರು, ಕೆಳಗೆ ಒಂದು ಖಾಲಿ ಗೆರೆ. ಅದು ಯಾರಿಗೆ ಅಂತ ಮನೆಯವರು ಕೂತು ಮಾತಾಡಿಕೊಂಡು, ಅವರ ಹೆಸರು ಬರೆದು, ಅವರ ಹೆಬ್ಬೆಟ್ಟು ಒತ್ತಿಸಿ ಎಂಟು ದಿನದೊಳಗೆ ಚೀಟಿಯ ಅರ್ಧ ಹರಿದು ಹೊನ್ನಪ್ಪನಿಗೆ ಕೊಡಬೇಕು. ಇನ್ನರ್ಧ ಮನೆಯಲ್ಲೇ ಉಳಿಯುತ್ತದೆ. ಕೊಡದೆ ಹೋದರೆ ಲಕೋಟೆಯಲ್ಲಿದ್ದದ್ದೆಲ್ಲ ಮನೆಯಲ್ಲಿದ್ದವರಿಗೆಲ್ಲ. ಬಾವಿಕಟ್ಟೆಯ ಮೂಲೆಯವರು ಒಂದು ಸಲ ಕೊಡುವುದಿಲ್ಲ ಅಂತ ಬಾಗಿಲು ಹಾಕಿಕೊಂಡು ಕೂತರು. ಆ ಬಾಗಿಲಿಗೆ ಈಗ ಜಾಲಿಮುಳ್ಳು ಬಡಿದಿದ್ದಾರೆ.

ಮೈಯಲ್ಲಿ ಒಂದು ಹೆಸರು ಕೂತಿದ್ದರೆ ಇನ್ನೊಂದು ಹತ್ತುವುದಿಲ್ಲ. ನನಗೆ ಮದುವೆಯಾದ ವರ್ಷವೇ ನಮ್ಮತ್ತೆ ‘ಡಯಾಬಿಟಿಸ್ ಮೆಲ್ಲಿಟಸ್’ ಕೊಡಿಸಿದಳು. ಹೊಸ ಸೊಸೆ, ಇನ್ನೂ ಯಾವ ಹೆಸರೂ ಇಲ್ಲ, ಅವಳಿಗೇ ಇರಲಿ ಅಂದಳು. ಹೆಬ್ಬೆಟ್ಟಿಗೆ ಹಚ್ಚಿದ ಮಸಿ ಒರೆಸಿಕೊಳ್ಳೋಕೆ ತನ್ನ ಸೆರಗನ್ನೇ ಕೊಟ್ಟಳು, ಅಷ್ಟು ಒಳ್ಳೆಯವಳು. ಐವತ್ತು ವರ್ಷದಿಂದ ಅದು ನನ್ನ ಜೊತೆಗಿದೆ. ಎರಡು ಕಾಲ್ಬೆರಳು ತಗೊಂಡು ಹೋಗಿದೆ.

ಯಾವ ಹೆಸರು ದೊಡ್ಡದು ಯಾವುದು ಚಿಕ್ಕದು ಅಂತ ತಿಳಿಯೋಕೆ ನಮ್ಮೂರವರು ಮಾಡಿಕೊಂಡ ದಾರಿ ಒಂದೇ. ಅಂಗಳದಲ್ಲಿ ಮೊರ ಇಡುತ್ತಾರೆ. ಟಪಾಲಿನವನು ಚೀಟಿ ಹಿಡಿದು ಒಂದೊಂದೇ ಅಕ್ಷರ ಓದುತ್ತಾನೆ. ಮನೆಯಾಕೆ ಅಕ್ಷರಕ್ಕೊಂದು ಅವರೆಕಾಳು ಮೊರಕ್ಕೆ ಹಾಕುತ್ತಾಳೆ. ಹೆಚ್ಚು ಕಾಳಿನ ಹೆಸರು ದೊಡ್ಡ ಕಾಯಿಲೆ, ಕಡಿಮೆ ಕಾಳಿನದು ಚಿಕ್ಕ ಕಾಯಿಲೆ. ಅಕ್ಷರ ಬಲ್ಲವರು ನಾಲ್ಕಾರು ಮಂದಿ ಇದ್ದರೂ ಆ ಹೆಸರುಗಳ ಅರ್ಥ ಬಲ್ಲವರು ಯಾರೂ ಇರಲಿಲ್ಲ. ದೊಡ್ಡದು ದೊಡ್ಡವರಿಗೆ, ಚಿಕ್ಕದು ಮಕ್ಕಳಿಗೆ ಅನ್ನೋದು ನಮ್ಮೂರ ನ್ಯಾಯ. ಹತ್ತು ಕಾಳಿಗೆ ಮೇಲೆ ಹೊತ್ತವರನ್ನು ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸುತ್ತಾರೆ. ಬೀದಿಯವರೆಲ್ಲ ಒಬ್ಬೊಬ್ಬರಾಗಿ ಎಳನೀರು ತಂದು ಕೊಟ್ಟು ಕಾಲು ಮುಟ್ಟಿ ಹೋಗುತ್ತಾರೆ.

ನನ್ನ ಮಗಳು ಪಂಕಜಳಿಗೆ ಏಳು ವರ್ಷವಾದಾಗ ನಮ್ಮ ಮನೆಗೆ ಎರಡು ಚೀಟಿ ಬಂದವು. ನನ್ನ ಗಂಡ ಹಿಂದಿನ ವರ್ಷ ಹೋಗಿದ್ದರು. ಅತ್ತೆಯೂ ಇರಲಿಲ್ಲ. ನನ್ನ ಭಾವ ರುದ್ರಮುನಿಯವರೇ ಮನೆಯ ಯಜಮಾನರು. ಅವರ ಹೆಂಡತಿಗೆ ಉಬ್ಬಸದ ಹೆಸರು ಹತ್ತಿಯಾಗಿತ್ತು, ನನಗೆ ಸಕ್ಕರೆ. ಮೈ ಖಾಲಿ ಇದ್ದವರು ಇಬ್ಬರೇ, ಭಾವ ಮತ್ತು ಪಂಕಜ. ಆಗ ಟಪಾಲು ಹಂಚುತ್ತಿದ್ದ ಹೊನ್ನಪ್ಪನ ಅಪ್ಪ ಓದಿದ, ನಾನೇ ಕಾಳು ಹಾಕಿದೆ. ಒಂದು ಕಡೆ ಹದಿಮೂರು ಬಿದ್ದವು, ಇನ್ನೊಂದು ಕಡೆ ನಾಲ್ಕು.

ಭಾವ ಮೊರವನ್ನೇ ನೋಡುತ್ತ ಕೂತರು. ಅವರಿಗಾಗ ಮೂವತ್ತಾರು. ಹೆಂಡತಿ ಮೊದಲನೇ ಬಸುರಿ. ಹದಿಮೂರನ್ನು ನನ್ನ ಮಗಳ ಮೇಲೆ ಹಾಕಿಬಿಟ್ಟರೆ? ಯಜಮಾನರು ಹಾಕಿದರೆ ಕೇಳುವವರು ಯಾರು? ನಾನು ಅವರ ಕಾಲು ಹಿಡಿದುಕೊಂಡೆ. “ಭಾವ, ನಾಲ್ಕು ಕಾಳಿಂದು ನನ್ನ ಕೂಸಿಗೆ ಕೊಟ್ಟುಬಿಡಿ. ಹದಿಮೂರು ನೀವು ತಗೊಳ್ಳಿ. ಸಾಯೋತನಕ ನಿಮ್ಮ ಮನೆ ಕಸ ಬಳೀತೀನಿ” ಅಂದೆ. ಅವರು ಒಂದಿಡೀ ದಿನ ಅನ್ನ ಮುಟ್ಟಲಿಲ್ಲ. ಮಾರನೇ ದಿನ ಬೆಳಗ್ಗೆ ಸ್ನಾನ ಮಾಡಿ, ಮದುವೆಯ ಪಂಚೆ ಉಟ್ಟು, ಹದಿಮೂರರ ಚೀಟಿಗೆ ಹೆಬ್ಬೆಟ್ಟು ಒತ್ತಿದರು. “ಹುಟ್ಟೋ ಮಗುವಿನ ಮುಖ ನೋಡೋಕೆ ಇರ್ತೀನೋ ಇಲ್ವೋ” ಅಂತ ಅಷ್ಟೇ ಅಂದರು. ಅದು ನಾಟಕ ಅಂತ ನಾನು ಇವತ್ತಿಗೂ ಹೇಳೋದಿಲ್ಲ. ನಾಲ್ಕು ಕಾಳಿನ ಚೀಟಿಗೆ ಪಂಕಜಳ ಬೆರಳು ಹಿಡಿದು ಒತ್ತಿಸಿದವಳು ನಾನೇ. ಮಸಿ ತಣ್ಣಗಿದೆ ಅಂತ ನಕ್ಕಳು.

ಭಾವನಿಗೆ ಮೂರು ದಿನ ಸೀನು ಬಂತು, ಮೂಗು ಸುರಿಯಿತು. ಊರಿಗೆ ಊರೇ ಎಳನೀರು ಹೊತ್ತು ತಂದಿತು. ಒಂದು ವಾರಕ್ಕೆ ಎದ್ದು ಕೂತರು. ಹದಿಮೂರು ಕಾಳನ್ನು ಗೆದ್ದ ಗಂಡಸು ಅಂತ ಹೂವಿನ ಹಾರ ಹಾಕಿದರು. ಅದೇ ಹೊತ್ತಿಗೆ ಪಂಕಜಳ ಮೊಣಕಾಲಿನ ಕೆಳಗೆ, ಎಲ್ಲೂ ಬಿದ್ದು ಏಟು ಮಾಡಿಕೊಳ್ಳದೇ, ನೇರಳೆ ಬಣ್ಣದ ಕಲೆಗಳು ಎದ್ದವು. ಹಲ್ಲುಜ್ಜಿದರೆ ವಸಡಿನಿಂದ ರಕ್ತ. ಜ್ವರ ಬಿಟ್ಟು ಬಿಟ್ಟು ಬಂತು. ಹನ್ನೆರಡು ವಾರಕ್ಕೆ ಅವಳನ್ನು ಎತ್ತಿದರೆ ಮಡಿಸಿದ ಸೀರೆಯಷ್ಟು ಹಗುರ. ಅವಳು ಹೋದ ದಿನ ಬಂದ ಹೆಂಗಸರು ನನ್ನ ಎದುರಿಗೇ ಮಾತಾಡಿಕೊಂಡರು. “ನಾಲ್ಕು ಕಾಳೂ ತಡಕೊಳ್ಳಲಿಲ್ವಲ್ಲೇ.” “ಬಸುರಿಯಾಗಿದ್ದಾಗ ಇವಳು ಸರಿಯಾಗಿ ತಿಂದಿಲ್ಲ ಬಿಡು, ಕೂಸಿಗೆ ಎಲ್ಲಿಂದ ಬರುತ್ತೆ ಶಕ್ತಿ?” ನಾನೂ ಹಾಗೇ ನಂಬಿದೆ. ಆರು ವರ್ಷ ನನ್ನ ಹೊಟ್ಟೆಯನ್ನೇ ಬೈದುಕೊಂಡೆ.

ಆಮೇಲೆ ನಮ್ಮೂರಿಗೆ ಲೂರ್ದಮ್ಮ ಬಂದರು. ಬೇರೆ ಊರಲ್ಲಿ ನರ್ಸ್ ಕೆಲಸ ಮಾಡಿ ನಿವೃತ್ತಿಯಾದವರು. ದೀಪ ಹಚ್ಚುವ ಹೊತ್ತಿಗೆ ಸ್ಕೂಲಿನ ಕೋಣೆಯಲ್ಲಿ ಹೆಂಗಸರಿಗೆ ಅಕ್ಷರ ಕಲಿಸುತ್ತೇನೆ ಅಂದರು. ಹನ್ನೊಂದು ಜನ ಸೇರಿದೆವು. ನನಗೆ ಮೂವತ್ತೇಳು ವರ್ಷ. ಸೌದೆ ಹಿಡಿದ ಹಾಗೆ ಬಳಪ ಹಿಡೀಬೇಡಿ ಅಂತ ದಿನಾ ಬೈಸಿಕೊಳ್ಳುತ್ತಿದ್ದೆ. ಅಕ್ಷರ ಕೂಡಿಸಿ ಓದೋಕೆ ಬಂದ ಮೇಲೆ, ಮನೆಯಲ್ಲಿ ಉಳಿದಿದ್ದ ಎರಡು ಅರ್ಧ ಚೀಟಿಗಳನ್ನು ಸೆರಗಲ್ಲಿ ಕಟ್ಟಿಕೊಂಡು ಹೋದೆ. ನನ್ನ ಮಗಳನ್ನು ತಗೊಂಡು ಹೋದದ್ದನ್ನು ನನ್ನ ಬಾಯಿಂದಲೇ ಒಂದು ಸಲ ಓದಬೇಕು ಅನ್ನಿಸಿತ್ತು. ಮೊದಲು ಭಾವನದು ಓದಿದೆ. “ಅಕ್ಯೂಟ್ ವೈರಲ್ ನೇಸೋಫಾರಿಂಜೈಟಿಸ್.” ಲೂರ್ದಮ್ಮ ಚಪ್ಪಾಳೆ ತಟ್ಟಿ ನಕ್ಕರು. “ಶಭಾಷ್! ಇಷ್ಟು ಉದ್ದದ್ದನ್ನ ತಪ್ಪಿಲ್ಲದೆ ಓದಿದ್ರಿ. ಇದೇನು ಗೊತ್ತಾ? ನೆಗಡಿ ಕಣಮ್ಮಾ. ಬರೀ ನೆಗಡಿ.”

ಯಾರೂ ನಗಲಿಲ್ಲ. ನಾನು ಎರಡನೆಯದನ್ನು ಓದಿದೆ. “ಲ್ಯುಕೀಮಿಯ.” ಲೂರ್ದಮ್ಮನ ನಗು ನಿಂತಿತು. “ಇದು ಯಾರದ್ದು?” ಅಂದರು. ನನ್ನ ಮಗಳದ್ದು ಅಂದೆ. ಅವರು ಚೀಟಿ ಮಡಿಸಿ ನನ್ನ ಕೈಯಲ್ಲಿಟ್ಟು, ಆ ಕೈಯನ್ನು ಬಿಡದೆ ಹಿಡಿದುಕೊಂಡರು. ಅದು ರಕ್ತದ ಕ್ಯಾನ್ಸರ್ ಅಂತ ಮೆಲ್ಲಗೆ ಹೇಳಿದರು. ನಾನೇ ಕಾಲು ಹಿಡಿದು ಬೇಡಿ ಇಸಕೊಂಡದ್ದು ಅಂತ ಅವರಿಗೆ ಹೇಳಲಿಲ್ಲ.

ಮಾರನೇ ದಿನ ಹೆಂಗಸರೆಲ್ಲ ಚೀಟಿ ತಂದರು. ಲೂರ್ದಮ್ಮ ಒಂದೊಂದಾಗಿ ಅರ್ಥ ಹೇಳುತ್ತ ಹೋದರು. ಒಬ್ಬಳ ಮಾವ ಹೊತ್ತಿದ್ದ ಹನ್ನೆರಡು ಕಾಳು ಕೆಂಗಣ್ಣು. ಅವಳ ಮಗ ಹೊತ್ತಿದ್ದ ಮೂರು ಕಾಳು ‘ಸಾರ್ಕೋಮಾ’, ಮೂಳೆಯಲ್ಲಿ ಹುಟ್ಟಿದ ಕ್ಯಾನ್ಸರ್. ಇನ್ನೊಬ್ಬಳ ಗಂಡನ ಹನ್ನೊಂದು ತುರಿಕೆ, ಮಗಳ ಮೂರು ಕಾಳಿನ ‘ಲಿಂಫೋಮಾ’ ಕತ್ತಿನ ಗಂಟಿನ ಕ್ಯಾನ್ಸರ್. ಎಲ್ಲ ಉದ್ದದವೂ ಹಗುರ ಅಂತಲ್ಲ, ಎಲ್ಲ ಗಿಡ್ಡದವೂ ಕೊಲ್ಲುವಂಥವು ಅಂತಲ್ಲ, ಹೆಸರಿನ ಉದ್ದಕ್ಕೂ ಕಾಯಿಲೆಗೂ ಸಂಬಂಧವೇ ಇಲ್ಲ ಅಂತ ಲೂರ್ದಮ್ಮ ಬೋರ್ಡಿನ ಮೇಲೆ ಬರೆದು ಬರೆದು ಹೇಳಿದರು. ಸಾರ್ಕೋಮಾದವಳು ಎದ್ದು ನಿಂತಳು. “ಈಯಮ್ಮ ಸುಳ್ಳಿ” ಅಂದಳು. “ನನ್ನ ಮಗನಿಗೆ ನಾನು ಚಿಕ್ಕದು ನೋಡಿ, ಆರಿಸಿ ಕೊಟ್ಟಿದ್ದೀನಿ. ನನಗೆ ಗೊತ್ತಿಲ್ವಾ?” ಹತ್ತು ಜನರೂ ಚೀಟಿ ಬಾಚಿಕೊಂಡು ಹೋದರು. ಮತ್ತೆ ಬರಲಿಲ್ಲ. ಎರಡು ವರ್ಷ ನಾನೊಬ್ಬಳೇ ಆ ಕೋಣೆಯಲ್ಲಿ ಕೂತು ಕಲಿತೆ. ಹೈಪರ್‌ಟೆನ್ಷನ್, ಕಾರ್ಸಿನೋಮಾ, ಮೆಲನೋಮಾ ಎಲ್ಲವನ್ನೂ ಎರಡು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಪ್ರತಿ ಮಾಗಿಗೂ ಮನೆ ಮನೆಗೆ ಹೋಗಿ ಹೇಳಿದೆ. “ನಿನ್ನ ಓದು ನಿನ್ನ ಮನೇಲಿಟ್ಕೋ” ಅಂದರು. ನಾಯಿ ಬಿಟ್ಟವರೂ ಇದ್ದಾರೆ. ಅವರನ್ನು ಬೈದು ಏನು ಮಾಡಲಿ? ನನ್ನ ಮಾತು ನಂಬಿದರೆ ಅವರೆಲ್ಲ ಆ ರಾತ್ರಿ ಹೇಗೆ ಮಲಗಬೇಕು?

ಭಾವನಿಗೆ ಮಾತ್ರ ಹೇಳಲಿಲ್ಲ. ಅಷ್ಟು ಹೊತ್ತಿಗೆ ಅವರು ಬೀದಿಗೇ ಹಿರಿಯರಾಗಿದ್ದರು. ಅಣ್ಣತಮ್ಮಂದಿರು ಜಗಳಾಡಿದರೆ ತೀರ್ಪು ಇವರದ್ದು. ಮದುವೆಗೆ ಮೊದಲ ಅಕ್ಷತೆ ಇವರದ್ದು. ಪಂಕ್ತಿಯಲ್ಲಿ ಮೊದಲ ಎಲೆ ಹಾಕಿಸಿಕೊಂಡು, ಹದಿಮೂರು ಕಾಳು ಹೊತ್ತ ದಿನ ತಾವು ಹೇಗೆ ಪಂಚೆ ಉಟ್ಟರು ಅನ್ನೋದನ್ನು ಹೇಳುತ್ತಿದ್ದರು. ನಾನು ಹಿಂದೆ ನಿಂತು ಸಾರು ಬಡಿಸುತ್ತಿದ್ದೆ.

ಇಷ್ಟೆಲ್ಲ ಹೇಳಿದ್ದು ಹೋದ ಮಾಗಿಯ ಮಾತು ಹೇಳೋಕೆ. ಭಾವನ ಹೆಂಡತಿ ತೀರಿಹೋಗಿ ಬಹಳ ವರ್ಷವಾಯಿತು. ಭಾವನ ಮಗ ಕೊಟ್ರೇಶನಿಗೆ ಬಿ.ಪಿ.ಯ ಹೆಸರಿದೆ. ಸೊಸೆ ಸುಮಂಗಲೆಗೆ ಥೈರಾಯ್ಡು. ಅವರ ಮಗಳು ಸಿಂಚನಳಿಗೆ ಎಂಟು ವರ್ಷ, ಅವಳ ಮೈ ಖಾಲಿ. ನೆಗಡಿ ವಾರಕ್ಕೇ ಇಳಿದು ಹೋಗಿದ್ದರಿಂದ ಭಾವನದೂ ಖಾಲಿ. ಲಕೋಟೆಯಲ್ಲಿ ಎರಡು ಚೀಟಿ. ಹೊನ್ನಪ್ಪ ಓದಿದ, ಸುಮಂಗಲೆ ಕಾಳು ಹಾಕಿದಳು. ಹದಿನಾಲ್ಕು, ಮೂರು.

“ಸದ್ಯ, ಮೂರೇ” ಅಂತ ಸುಮಂಗಲೆ ಉಸಿರು ಬಿಟ್ಟಳು. ಎಪ್ಪತ್ತಾರು ವರ್ಷದ ಭಾವ ಮೀಸೆ ಸವರಿಕೊಂಡು ನಕ್ಕರು. “ಹದಿನಾಲ್ಕು ನಂದು. ಹೋದ ಸಲಕ್ಕಿಂತ ಒಂದು ಜಾಸ್ತಿ ಕಳಿಸವ್ರೆ ಕಣೋ ಹೊನ್ನಪ್ಪ, ನನ್ನ ಮೇಲೆ ಏನು ಪ್ರೀತಿನೋ!”

ನಾನು ಹಿತ್ತಲ ಕೋಣೆಯಿಂದ ಬಂದು ಚೀಟಿ ಕೇಳಿದೆ. “ಚಿಕ್ಕಮ್ಮ, ಶುರು ಮಾಡಬೇಡಿ” ಅಂದ ಕೊಟ್ರೇಶ. ಆದರೂ ಇಸಕೊಂಡು ಓದಿದೆ. “ಗ್ಯಾಸ್ಟ್ರೋ ಈಸೋಫೇಜಿಯಲ್ ರಿಫ್ಲಕ್ಸ್ ಡಿಸೀಸ್. ಇದು ಎದೆಯುರಿ. ಹುಳಿತೇಗು. ಖಾರ ಬಿಟ್ಟು ಹೊತ್ತುಹೊತ್ತಿಗೆ ಉಂಡರೆ ಇಳಿಯುತ್ತೆ. ಈ ಮೂರು ಕಾಳಿನದು ಗ್ಲಯೋಮಾ. ಮಿದುಳಲ್ಲಿ ಬೆಳೆಯೋ ಗಡ್ಡೆ. ಮಗೂಗೆ ಒತ್ತಿಸಬೇಡಿ.”

ಸುಮಂಗಲೆ ಮೊರವನ್ನು ಎದೆಗೆ ಅವುಚಿಕೊಂಡಳು. “ಚಿಕ್ಕತ್ತೆ, ನಿಮ್ಮ ಮಗಳು ನಾಲ್ಕು ಕಾಳಿಗೇ ಹೋದಳು ಅಂತ ನನ್ನ ಮಗಳ ಮೇಲೆ ಹದಿನಾಲ್ಕು ಹೊರಿಸ್ತೀರಾ? ನಲವತ್ತು ವರ್ಷ ಆಯ್ತು, ಇನ್ನೂ ಹೊಟ್ಟೆಕಿಚ್ಚು ಆರಿಲ್ವಾ ನಿಮಗೆ?”

ಭಾವ ನನ್ನನ್ನೇ ನೋಡುತ್ತಿದ್ದರು. ಮೀಸೆಯ ಮೇಲಿದ್ದ ಕೈ ಅಲ್ಲೇ ನಿಂತಿತ್ತು. “ದಾಕ್ಷಾಯಣಮ್ಮ, ಹಂಗಾದ್ರೆ ಅವತ್ತು ನಾನು ಹೊತ್ತಿದ್ದು ಏನು?” ಅಂದರು.

“ನೆಗಡಿ, ಭಾವ.”

ಹೊನ್ನಪ್ಪ ಕೆಮ್ಮಿದ. ಕೊಟ್ರೇಶ “ಮುಚ್ಚಿ ಬಾಯಿ!” ಅಂತ ಕೂಗಿದ. ನನ್ನನ್ನು ಅವನು ಹಾಗೆ ಕೂಗಿದ್ದು ಅದೇ ಮೊದಲು. ಅವನು ಕೂಸಾಗಿದ್ದಾಗ ಎಣ್ಣೆ ಹಚ್ಚಿ ಎರೆದವಳು ನಾನು. ಭಾವ ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಆರನೇ ದಿನ ಮಧ್ಯಾಹ್ನ ಅವರು ನನ್ನ ಕೋಣೆಗೆ ಬಂದರು. ಇಷ್ಟು ವರ್ಷದಲ್ಲಿ ಆ ಹೊಸ್ತಿಲು ದಾಟಿದವರಲ್ಲ. ಅಕ್ಕಿ ಡಬ್ಬದ ಮೇಲೆ ಕೂತರು. ಹಳೆಯ ಚೀಟಿಗಳು ಇವೆಯಾ ಅಂದರು. ತೆಗೆದು ಕೊಟ್ಟೆ. ಓದೋಕೆ ಬಾರದಿದ್ದರೂ ಬಹಳ ಹೊತ್ತು ನೋಡಿದರು.

“ನಿನಗೆ ಯಾವಾಗ ಗೊತ್ತಾಯ್ತು?”

“ಪಂಕಜ ಹೋಗಿ ಆರು ವರ್ಷಕ್ಕೆ.”

“ಊರಿಗೆಲ್ಲ ಹೇಳ್ಕಂಡು ತಿರುಗಿದೆ. ನನಗೆ ಯಾಕೆ ಹೇಳಲಿಲ್ಲ?”

ಸುಳ್ಳು ಹೇಳಬಹುದಿತ್ತು. ನಿಮಗೆ ನೋವಾಗುತ್ತೆ ಅಂತ ಅನ್ನಬಹುದಿತ್ತು. “ನೀವು ಆ ಕತೆ ಹೇಳೋವಾಗ ಹಿಂದೆ ನಿಂತು ಒಳಗೊಳಗೇ ನಗೋಕೆ ನನಗೆ ಏನಾದರೂ ಒಂದು ಬೇಕಿತ್ತು, ಭಾವ” ಅಂದೆ.

“ನಕ್ಕೆಯಾ?”

“ಇಲ್ಲ.”

ಅವರು ತಲೆಯಾಡಿಸಿದರು. ಆ ದಿನ ಅವರು ಪಂಚೆ ಉಡುವಾಗ ನನಗೆ ಎಷ್ಟು ಸಮಾಧಾನವಾಗಿತ್ತು ಅನ್ನೋದು ನೆನಪಾಗಿ ನಾನು ಮುಖ ತಿರುಗಿಸಿದೆ. ಭಾವ ಜೇಬಿನಿಂದ ಹೊಸ ಚೀಟಿಗಳನ್ನು ತೆಗೆದರು. “ಆ ಮೂರು ಕಾಳಿನದು ಬಂದರೆ ಏನಾಗುತ್ತೆ, ಪೂರ್ತಿ ಹೇಳು” ಅಂದರು. ನೋಟ್‌ಬುಕ್ಕಿನಲ್ಲಿದ್ದದ್ದನ್ನು ಹೇಳಿದೆ. ಬೆಳಗಿನ ತಲೆನೋವು, ವಾಂತಿ, ಕೈಯೋ ಕಾಲೋ ಬೀಳೋದು, ಮಾತು ಹೋಗೋದು, ಇನ್ನು ಕೆಲವೇ ತಿಂಗಳು ಅಂದೆ.

“ಮಾತು ಹೋಗುತ್ತಾ? ಹೋಗಲಿ ಬಿಡು. ಆ ಕತೆ ಕೇಳಿ ಕೇಳಿ ಜನಕ್ಕೂ ಸಾಕಾಗಿದೆ.” ಚೀಟಿಯನ್ನು ನನ್ನ ಮುಂದೆ ಇಟ್ಟರು. “ಬರಿ. ನನ್ನ ಹೆಸರು ಬರಿ. ಚೆನ್ನಾಗಿ ಬರಿ, ಗೀಚಬೇಡ.”

ಬರೆದೆ. ಒತ್ತಿದರು. ಸಿಂಚನಳನ್ನು ಅವರೇ ಕರೆದು, ಮಿಠಾಯಿ ಕೊಟ್ಟು, ಹದಿನಾಲ್ಕರ ಚೀಟಿಗೆ ಅವಳ ಬೆರಳು ಒತ್ತಿಸಿ, ಎರಡೂ ಅರ್ಧಗಳನ್ನು ತಾವೇ ಹೋಗಿ ಹೊನ್ನಪ್ಪನಿಗೆ ಕೊಟ್ಟು ಬಂದರು. ಮನೆಯವರಿಗೆ ಗೊತ್ತಾಗಿದ್ದು ಹೊನ್ನಪ್ಪ ವಾಡಿಕೆಯಂತೆ ಊರ ಕಟ್ಟೆಯ ಮೇಲೆ ನಿಂತು ಹೆಸರು ಕೂಗಿದಾಗ. “ಸಿಂಚನ, ಹದಿನಾಲ್ಕು! ರುದ್ರಮುನಿಯಪ್ಪ, ಮೂರು!”

ಆ ಸಂಜೆ ಬೀದಿಯವರು ನಮ್ಮ ಅಂಗಳದಲ್ಲಿ ತುಂಬಿದರು. ಸುಮಂಗಲೆ ಎದೆ ಬಡಿದುಕೊಂಡು ಅತ್ತಳು. “ಮೊಮ್ಮಗಳ ಮೇಲೆ ಹೊರಿಸಿದ್ಯಲ್ಲೋ ಮುದಿಯಾ, ಬದುಕಿದ್ದು ಸಾಕಾಗಿರಲಿಲ್ವೇನೋ ನಿಂಗೆ!” ಕೊಟ್ರೇಶ ಅಪ್ಪನ ಹಾಸಿಗೆಯನ್ನು ಎತ್ತಿ ದನದ ಕೊಟ್ಟಿಗೆಯ ಪಕ್ಕಕ್ಕೆ ಎಸೆದ. ನಾನು ನಿಜ ಹೇಳಿದೆ. ನಿಂತವರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದೆ. ಯಾರೋ ನನ್ನ ಮೇಲೆ ಸಗಣಿ ಎಸೆದರು. ಭಾವ ತಮ್ಮ ಹಾಸಿಗೆಯನ್ನು ತಾವೇ ಕೊಡವಿ ಹಾಸಿಕೊಂಡರು.

ಜಗಲಿಯ ಕುರ್ಚಿ ಸಿಂಚನಳಿಗಾಯಿತು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ಕೆಳಗೆ ಮಣೆ ಇಟ್ಟರು. ಎಳನೀರು ಕುಡಿದು ಹುಳಿತೇಗು ತೇಗಿದರೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಕೊಟ್ಟಿಗೆಯ ಪಕ್ಕ ಭಾವನಿಗೆ ಬೆಳಗಾಗುತ್ತಲೇ ತಲೆ ಒಡೆದುಹೋಗುವ ನೋವು. ಗೋಡೆಗೆ ಹಣೆ ಒತ್ತಿಕೊಂಡು ಕೂರುತ್ತಿದ್ದರು. ನೀರು ತರಲು ಬಂದವರು ಅವರನ್ನು ನೋಡಿ “ಮೂರು ಕಾಳಿಗೆ ಎಷ್ಟು ನಾಟಕ ಆಡ್ತಾನೆ ನೋಡೇ” ಅಂದು ಹೋಗುತ್ತಿದ್ದರು. ಬಲಗೈ ಬಿತ್ತು. ನಾನು ಉಣ್ಣಿಸಿದೆ. ಒಂದು ದಿನ ನನ್ನನ್ನು ಕರೆಯೋಕೆ ನೋಡಿದರು, ನನ್ನ ಹೆಸರು ಸಿಗಲಿಲ್ಲ. “ಪಂ... ಪಂ...” ಅಂದರು. ಅದೇ ಅವರ ಕೊನೆಯ ಮಾತು. ಅದನ್ನು ಬೇಕೆಂದು ಹೇಳಿದರೋ, ನಾಲಿಗೆ ಎಲ್ಲಿಗೋ ಹೊರಳಿತೋ, ನನಗೆ ಗೊತ್ತಿಲ್ಲ. ಹೋದಾಗ ಹೊರೋಕೆ ನಾಲ್ಕು ಜನ ಸಿಗದೆ, ಸಿಗದೆ ಏನು, ಬಾರದೆ, ಹೊನ್ನಪ್ಪನೂ ನಾನೂ ಹೆಗಲು ಕೊಟ್ಟೆವು. ಆ ಹೊತ್ತಿಗೆ ಸಿಂಚನ ಪೂರ್ತಿ ಗುಣವಾಗಿದ್ದಳು. ಹದಿನಾಲ್ಕು ಗೆದ್ದವಳು ಅಂತ ಅವಳ ಕೊರಳಿಗೆ ಹಾರ ಬಿದ್ದಿತ್ತು.

ಕಳೆದ ವಾರ ಅವಳು ತನ್ನ ಅರ್ಧ ಚೀಟಿ ಹಿಡಿದು ನನ್ನ ಕೋಣೆಗೆ ಬಂದಳು. ಅಮ್ಮನಿಗೆ ಹೇಳದೆ ಬಂದಿದ್ದಳು. “ಅಜ್ಜೀ, ಇದನ್ನ ಓದಿ. ಸ್ಕೂಲಲ್ಲಿ ಎಲ್ಲರೂ ಕೇಳ್ತಾರೆ.” ಪಕ್ಕದಲ್ಲಿ ಕೂರಿಸಿಕೊಂಡು ಓದಿದೆ. ಅರ್ಥ ಹೇಳಿದೆ. ಆಮೇಲೆ ಭಾವನ ಮೂರು ಕಾಳಿನ ಚೀಟಿ ತೆಗೆದು ಅದನ್ನೂ ಓದಿ, ಅದರ ಅರ್ಥವನ್ನೂ ಹೇಳಿದೆ. ಮಕ್ಕಳಿಗೆ ಹೇಳುವ ಮಾತಲ್ಲ ಅಂತ ಗೊತ್ತಿತ್ತು. ಆದರೆ ಅದನ್ನು ಕೇಳೋಕೆ ಈ ಊರಲ್ಲಿ ಇನ್ಯಾರು ಉಳಿದಿದ್ದರು?

ಜಾಣೆ, ಎಲ್ಲ ಅರ್ಥವಾಯಿತು. “ಹಂಗಾದ್ರೆ ತಾತ ನನಗೋಸ್ಕರ ಸತ್ರಾ?” ಅಂದಳು.

“ಹೂಂ ಕಣವ್ವ.”

“ಮತ್ತೆ ನಾನು ಏನೂ ಗೆದ್ದಿಲ್ವಾ?”

ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ಅವಳು ತಲೆಯನ್ನು ಪಕ್ಕಕ್ಕೆ ಸರಿಸಿದಳು. ಚೀಟಿಯನ್ನು ನಾಲ್ಕು ಮಡಿಕೆ ಮಡಿಸಿ ನನ್ನ ತೊಡೆಯ ಮೇಲಿಟ್ಟಳು.

“ನನಗೆ ಇದು ಬೇಡ ಅಜ್ಜಿ. ನೀವೇ ಇಟ್ಕೊಳ್ಳಿ” ಅಂದು, ಲಂಗ ಕೊಡವಿಕೊಂಡು ಹೊರಗೆ ಹೋದಳು.